ಡ್ರೈವರ್ ಚಾಚಾನ ಕಂಪ್ಯೂಟರ್

ಚಾಚಾ ತೀರಿಕೊಂಡ ಸುದ್ದಿ ಬಂದಾಗ ನಾನು ಕಾಲೇಜಿನ ಲ್ಯಾಬಿನಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಸುತ್ತಿದ್ದೆ. ಫೋನು ಕೆಳಗಿಟ್ಟು, ಉಳಿದ ಹುಡುಗಿಯರ ಪ್ರೋಗ್ರಾಮುಗಳನ್ನು ನೋಡಿ ಅಂಕ ಹಾಕಿದೆ. ಒಬ್ಬಳದು ನಡೆಯಲಿಲ್ಲ. ಎಲ್ಲಿ ತಪ್ಪಿದೆ ಎಂದು ತೋರಿಸಿ ಇನ್ನೊಮ್ಮೆ ಅವಕಾಶ ಕೊಟ್ಟೆ. ಆಮೇಲೆ ಪ್ರಾಚಾರ್ಯರಿಗೆ ಹೇಳಿ ನವಲಗುಂದದ ಬಸ್ಸು ಹತ್ತಿದೆ. ದಾರಿಯಲ್ಲಿ ಎಲ್ಲೋ ಒಂದು ಕಡೆ ಅಳು ಬರಬಹುದು ಎಂದು ಕಾಯುತ್ತಿದ್ದೆ. ಬರಲಿಲ್ಲ. ಕಿಟಕಿಯಾಚೆ ಕಡಲೆ ಕೀಳುವವರು ಸಾಲಾಗಿ ಬಗ್ಗಿದ್ದರು. ಕಂಡಕ್ಟರ್ ಚಿಲ್ಲರೆ ಕೇಳಿದ, ಕೊಟ್ಟೆ.

ಅವರು ನನಗೆ ಸಂಬಂಧಿಕರಲ್ಲ. ನಾನು ಗುಡಗೇರಿಯವಳು, ಅಣ್ಣಿಗೇರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕ ಮೇಲೆ, ಗಂಡನ ನೌಕರಿ ನವಲಗುಂದದಲ್ಲಿ ಇದ್ದುದರಿಂದ ಅಲ್ಲೇ ಬಾಡಿಗೆ ಮನೆ ಹಿಡಿದೆವು. ಗೋಡೆಗೆ ಗೋಡೆ ಹೊಂದಿಕೊಂಡ ಬಾಜೂ ಮನೆ ಅವರದು. ಅವರು ಬಸ್ ಡ್ರೈವರು. ದಿನಾ ಬೆಳಿಗ್ಗೆ ನಾನು ಅಣ್ಣಿಗೇರಿಗೆ ಹೋಗುತ್ತಿದ್ದುದು ಅವರ ಬಸ್ಸಿನಲ್ಲೇ, ಡ್ರೈವರಿನ ಹಿಂದಿನ ಸೀಟಿನಲ್ಲಿ ಕುಳಿತು. ಅವರ ಹೆಂಡತಿ ಮನೆಯಲ್ಲೇ ಮಗ್ಗ ಇಟ್ಟುಕೊಂಡು ಜಮಖಾನೆ ನೇಯುತ್ತಿದ್ದರು. ಒಬ್ಬಳೇ ಮಗಳು, ಮದುವೆಯಾಗಿ ಗದಗಿನಲ್ಲಿದ್ದಳು. ನಾನು ಅವರಿಬ್ಬರನ್ನೂ ಚಾಚಾ, ಚಾಚಿ ಎಂದು ಕರೆದೆ. ಅವರು ನನ್ನನ್ನು ಕೊನೆಯವರೆಗೂ ಟೀಚರ ಎಂದರು.

ಚಾಚಾ ಎತ್ತರದ ಆಳು. ಬಸ್ಸು ಬಿಡುವ ಮುಂಚೆ ಅದರ ಸುತ್ತ ಒಂದು ಸುತ್ತು ಬಂದು ಪ್ರತಿ ಗಾಲಿಯನ್ನೂ ಅಂಗೈಯಿಂದ ತಟ್ಟುತ್ತಿದ್ದರು. ದೂರದಿಂದ ಯಾರಾದರೂ ಮುದುಕಿ ಸೆರಗು ಹಿಡಿದುಕೊಂಡು ಓಡಿ ಬರುತ್ತಿದ್ದರೆ ಎಂಜಿನ್ ಚಾಲೂ ಇಟ್ಟು ಸುಮ್ಮನೆ ಕೂರುತ್ತಿದ್ದರು. ಹತ್ತಿದ ಮುದುಕಿ ಏದುಸಿರು ಬಿಡುತ್ತ ಬೈಯುವಳು, ಅವರು "ಸಾವಕಾಶ ಬೇ ಯವ್ವಾ, ರಸ್ತಾ ಎಲ್ಲಿಗೂ ಹೋಗಂಗಿಲ್ಲ" ಎನ್ನುವರು. ಅದಕ್ಕಿಂತ ಹೆಚ್ಚಿನ ಮಾತು ನಾನು ಬಸ್ಸಿನಲ್ಲಿ ಅವರ ಬಾಯಿಂದ ಕೇಳಿಲ್ಲ.

ಮಾತಾಡಿಸಿದರೆ ಅವರು ಕಣ್ಣು ಹೊರಳಿಸುತ್ತಿರಲಿಲ್ಲ, ಇಡೀ ಮುಖವನ್ನೇ ತಿರುಗಿಸುತ್ತಿದ್ದರು. ನಿಧಾನಕ್ಕೆ, ಭುಜದ ಸಮೇತ. ಓಣಿಯ ಜನ ಇದನ್ನು ಗತ್ತು ಎಂದರು. ಎದುರಿಗೆ ಬಂದವರಿಗೆ ಸಲಾಮು ಹೇಳುವ ಮನುಷ್ಯ, ಪಕ್ಕದಲ್ಲಿ ನಿಂತವರನ್ನು ನೋಡದೆ ಹೋಗಿಬಿಡುತ್ತಿದ್ದರು. ನಮ್ಮ ಎರಡು ಮನೆಗಳ ನಡುವೆ ಬಟ್ಟೆ ಒಣಹಾಕುವ ಹಗ್ಗವಿತ್ತು. ಅದರ ಕಂಬಕ್ಕೆ ಅವರ ಎಡಭುಜ ಆಗಾಗ ಬಡಿಯುತ್ತಿತ್ತು. ಬಡಿದ ಮೇಲೆ ಕಂಬವನ್ನು ಒಮ್ಮೆ ದಿಟ್ಟಿಸಿ ನೋಡಿ ಮುಂದೆ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಅಣ್ಣಿಗೇರಿ ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಬಸ್ಸಿನ ಎಡಭಾಗ ಒಂದು ಬಾಳೆಹಣ್ಣಿನ ತಳ್ಳುಗಾಡಿಗೆ ಸವರಿತು. ಯಾರಿಗೂ ಪೆಟ್ಟಾಗಲಿಲ್ಲ. ತಳ್ಳುಗಾಡಿ ಮಗುಚಿ ಹಣ್ಣು ಚೆಲ್ಲಾಪಿಲ್ಲಿಯಾದವು. ಚಾಚಾ ಇಳಿದು ಹೋಗಿ, ಡಾಂಬರಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಗೊನೆಗಳನ್ನು ಎತ್ತಿಕೊಟ್ಟರು. ಬಸ್ಸಿನ ಮಂದಿಯೆಲ್ಲ ತಳ್ಳುಗಾಡಿಯವನದೇ ತಪ್ಪು ಎಂದರು, ಅವನು ನಡುವೆ ನುಗ್ಗಿದ ಎಂದರು. ಚಾಚಾ ಮರಳಿ ಸೀಟಿಗೆ ಬಂದು, ಸ್ಟೀರಿಂಗ್ ಮೇಲೆ ಕೈಯಿಟ್ಟು, ಎಡಗಡೆಗೆ ಮುಖ ತಿರುಗಿಸಿ ತುಂಬ ಹೊತ್ತು ನೋಡಿದರು. ಕಂಡಕ್ಟರ್ ಸೀಟಿ ಊದಿದ ಮೇಲೆ ಬಿಟ್ಟರು.

ಅದಾದ ಸ್ವಲ್ಪ ದಿನಕ್ಕೆ ಒಂದು ಭಾನುವಾರ ನಮ್ಮ ಮನೆಯ ಹೊಸ್ತಿಲಾಚೆ ನಿಂತು ಫೋನು ಮುಂದೆ ಹಿಡಿದರು. ಯಾವುದೋ ದೇಶದ ಮನುಷ್ಯನೊಬ್ಬ ತನ್ನ ಕೋಣೆಯಲ್ಲಿ ಕುಳಿತು, ಮೇಜಿಗೆ ಸಿಕ್ಕಿಸಿದ ಸ್ಟೀರಿಂಗ್ ತಿರುಗಿಸುತ್ತ ಪರದೆಯ ಮೇಲೆ ಬಸ್ಸು ಓಡಿಸುತ್ತಿದ್ದ ವಿಡಿಯೊ. ಇದನ್ನು ಖರೇನ ಆಡಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ. ಮನೆಯಲ್ಲೇ ಕೂಡಿಸಲು ಬರುತ್ತದೆಯೇ ಎಂದರು. ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ಒಂದೊಂದೇ ಭಾಗ ತಂದು ನನ್ನ ಕಂಪ್ಯೂಟರನ್ನು ನಾನೇ ಕೂಡಿಸಿಕೊಂಡಿದ್ದೆ, ಗೆಳತಿಯರೆಲ್ಲ ಅದರಲ್ಲೇ ಆಟ ಆಡುತ್ತಿದ್ದರು. ಅದನ್ನು ಹೇಳಿದೆ. ಅವರು ಅಷ್ಟಕ್ಕೇ ತಲೆಯಾಡಿಸಿ, ಬರುವ ಭಾನುವಾರ ಕೂರೋಣ ಎಂದು ಹೋದರು.

ಚಾಚಿಯ ತಮ್ಮನೊಬ್ಬನಿದ್ದ, ಸಂತೆಯಲ್ಲಿ ಬಟ್ಟೆ ಅಂಗಡಿ ಹಾಕುವವನು. ಅವನಿಗೆ ಇದು ನಗೆಯ ವಿಷಯವಾಯಿತು. ಹಗಲೆಲ್ಲ ಬಸ್ಸು ಓಡಿಸಿ ಬಂದು ಮತ್ತೆ ಮನೆಯಲ್ಲಿ ಬಸ್ಸು ಓಡಿಸುವ ಹುಚ್ಚು ಯಾರಿಗೆ ಇರುತ್ತದೆ ಎಂದು ನಮ್ಮೆದುರೇ ಕೇಳಿದ. ಚಾಚಾ ಭುಜ ತಿರುಗಿಸಿ ಅವನನ್ನು ನೋಡಿದರು.

"ಅಲ್ಲಿ ಮಂದಿ ಇರತಾರ," ಎಂದರು. "ಇದರಾಗ ಇರೂದಿಲ್ಲ."

ಜನರ ಗದ್ದಲವಿಲ್ಲದೆ ಒಬ್ಬರೇ ಹಾಯಾಗಿ ಓಡಿಸುವ ಆಸೆ ಎಂದು ನಾವೆಲ್ಲ ತಿಳಿದೆವು.

ಭಾಗಗಳನ್ನು ಆರಿಸುವುದೇ ಹಲವು ಭಾನುವಾರ ನಡೆಯಿತು. ಆಟಕ್ಕಾಗಿ ಮೊದಲ ಸಲ ಕಂಪ್ಯೂಟರ್ ಕೊಳ್ಳುವವರೆಲ್ಲ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನಿಂದ ಶುರು ಮಾಡುತ್ತಾರೆ. ಅವರು ಹಾಗಲ್ಲ. ನಾನು ಯಾವ ಭಾಗದ ಹೆಸರು ಹೇಳಿದರೂ ಅವರದು ಒಂದೇ ಪ್ರಶ್ನೆ: ಇದು ಇಲ್ಲಾಂದ್ರ ಏನಾಗತೈತಿ? ಬಣ್ಣಬಣ್ಣದ ದೀಪದ ಫ್ಯಾನು ಇಲ್ಲದಿದ್ದರೆ ಏನೂ ಆಗುವುದಿಲ್ಲ ಎಂದೆ, ಅದು ಹೋಯಿತು. ಪವರ್ ಸಪ್ಲೈ ಅಗ್ಗದ್ದು ಹಾಕಿದರೆ ನಮ್ಮೂರಿನ ಕರೆಂಟು ಏರಿಳಿದಾಗ ಉಳಿದದ್ದೆಲ್ಲ ಸುಟ್ಟುಹೋಗಬಹುದು ಎಂದೆ, ಹಾಗಾದರೆ ಅದನ್ನೇ ಮೊದಲು ಚಲೋದು ನೋಡೋಣ ಎಂದರು. ರ‍್ಯಾಮ್ ಒಂದೇ ದೊಡ್ಡದರ ಬದಲು ಸಣ್ಣವು ಎರಡು ಹಾಕಿದರೆ ಆಟ ಸಲೀಸಾಗಿ ನಡೆಯುತ್ತದೆ ಎಂದಾಗ, ಯಾಕೆ ಎಂದು ಕೇಳಿ ತಿಳಿದುಕೊಂಡರು. ಮರೆತು ಮುಂದಿನ ವಾರ ಮತ್ತೆ ಕೇಳಿದರು.

ಗಂಟು ಬಿದ್ದದ್ದು ಒಂದೇ ಕಡೆ. ಅವರು ಎತ್ತಿಟ್ಟ ದುಡ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಬರಬೇಕು ಇಲ್ಲವೆ ಸ್ಟೀರಿಂಗ್ ಮತ್ತು ಪೆಡಲು ಬರಬೇಕು. ಎರಡೂ ಬರುವಂತಿರಲಿಲ್ಲ. ಕಾರ್ಡಿಲ್ಲದಿದ್ದರೆ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್ ಮೇಲೆ ನಡೆಸಬೇಕು, ಮರಗಿಡಗಳು ಅಷ್ಟು ಚೆಂದ ಕಾಣುವುದಿಲ್ಲ ಎಂದು ವಿವರಿಸಿದೆ. ರಸ್ತೆ ಮತ್ತು ಮನುಷ್ಯರು ಕಾಣಿಸುತ್ತಾರೆಯೇ ಎಂದು ಕೇಳಿದರು. ಕಾಣಿಸುತ್ತಾರೆ ಎಂದೆ. ಮರಗಿಡ ಬೇಡ ಎಂದು ಸ್ಟೀರಿಂಗ್ ಆರಿಸಿದರು. ಚಾಚಿ ಮಗ್ಗದ ಮೇಲಿಂದಲೇ ಒಂದು ಸೂಚನೆ ಕೊಟ್ಟರು: ಈ ಮನೆಯ ಗಾಳಿಯಲ್ಲೆಲ್ಲ ನೂಲಿನ ದೂಳಿದೆ, ಡಬ್ಬಿಗೆ ಜಾಳಿಗೆ ಇರುವುದನ್ನೇ ತರಬೇಕು. ನಾನು ಅದನ್ನು ಯೋಚಿಸಿರಲಿಲ್ಲ. ತೆಗೆದು ತೊಳೆಯಲು ಬರುವ ಜಾಳಿಗೆಯ ಕ್ಯಾಬಿನೆಟ್ಟನ್ನೇ ಹುಡುಕಿದೆವು.

ಹುಬ್ಬಳ್ಳಿಗೆ ಚಾಚಾ, ಚಾಚಿ, ನಾನು ಮೂವರೂ ಹೋದೆವು. ಬೇರೆಯವರು ಓಡಿಸುವ ಬಸ್ಸಿನಲ್ಲಿ ಅವರು ಸುಮ್ಮನೆ ಕೂರಲಾರದೆ ಬಲಗಾಲನ್ನು ಆಗಾಗ ಒತ್ತುತ್ತಿದ್ದರು. ಅಂಗಡಿಯಲ್ಲಿ ಎಲ್ಲ ಬೇಗ ಮುಗಿಯಿತು, ಮಾನಿಟರೊಂದನ್ನು ಬಿಟ್ಟು. ಅಂಗಡಿಯ ಯಜಮಾನ ಅಂಚು ಬಾಗಿದ ದೊಡ್ಡ ಪರದೆಯೊಂದನ್ನು ತೋರಿಸಿ, ಆಟಕ್ಕೆ ಇದೇ ಮಜಾ, ಪಕ್ಕದಲ್ಲಿ ಬರುವುದೂ ಕಾಣುತ್ತದೆ, ಹಳೆಯ ಮಾಲು, ಸಣ್ಣದರ ಬೆಲೆಗೇ ಕೊಡುತ್ತೇನೆ ಎಂದ. ಚಾಚಾ ಅದರೆದುರು ನಿಂತರು. ಮುಖವನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಹೋಗಿ ಬೆನ್ನು ಗೋಡೆಗೆ ತಾಗುವವರೆಗೂ ಹೋದರು. ಮತ್ತೆ ಮುಂದೆ ಬಂದರು. ಆಮೇಲೆ ಅಂಗಡಿಯಲ್ಲಿದ್ದುದರಲ್ಲಿ ಅತಿ ಸಣ್ಣ ಪರದೆಯನ್ನು ಕೈ ಮಾಡಿ ತೋರಿಸಿದರು.

ಯಜಮಾನ ನಕ್ಕ. ಇಷ್ಟು ಸಣ್ಣದರಲ್ಲಿ ಏನು ಕಂಡೀತು ಎಂದ.

"ಇದರಾಗ ರಸ್ತಾ ಪೂರಾ ಕಾಣಸ್ತೈತಿ," ಎಂದರು ಚಾಚಾ. "ಅದರಾಗ ಎರಡೂ ಬಾಜೂ ಎಲ್ಲೋ ಹೋಗಿಬಿಡತಾವ್ರಿ."

ಪರದೆ ದೊಡ್ಡದಾದಷ್ಟೂ ಕಡಿಮೆ ಕಾಣುತ್ತದೆ ಎಂದು ಹೇಳುವ ಗಿರಾಕಿಯನ್ನು ಆತ ನೋಡಿರಲಿಲ್ಲವೆಂದು ಕಾಣುತ್ತದೆ. ನಾನೂ ನೋಡಿರಲಿಲ್ಲ. ಆದರೆ ಸಣ್ಣ ಪರದೆಯಾದರೆ ಗ್ರಾಫಿಕ್ಸ್ ಕಾರ್ಡಿಲ್ಲದ ಪ್ರೊಸೆಸರಿಗೂ ಭಾರ ಕಡಿಮೆ, ಹಾಗಾಗಿ ನಾನು ಒಪ್ಪಿಕೊಂಡೆ.

ಚಾಚಿ ನೇಯ್ದ ಜಮಖಾನೆಯ ಮೇಲೆ ಎಲ್ಲವನ್ನೂ ಹರವಿಕೊಂಡು ಕೂಡಿಸಿದೆವು. ಭಾಗಗಳನ್ನು ಮುಟ್ಟುವ ಮುಂಚೆ ಕಿಟಕಿಯ ಕಬ್ಬಿಣದ ಸರಳು ಮುಟ್ಟಬೇಕು, ಮೈಯ ಮೇಲಿನ ವಿದ್ಯುತ್ತು ಇಳಿದುಹೋಗುತ್ತದೆ ಎಂದು ನಾನು ಹೇಳಿದ್ದನ್ನು ಚಾಚಾ ಪ್ರತಿ ಸಲವೂ ಪಾಲಿಸಿದರು. ಒಂದು ಸ್ಕ್ರೂ ಕೊಡಬೇಕಾದರೂ ಎದ್ದು ಹೋಗಿ ಸರಳು ಮುಟ್ಟಿ ಬಂದರು. ಪ್ರೊಸೆಸರನ್ನು ಅದರ ಜಾಗದಲ್ಲಿ ಕೂರಿಸುವಾಗ ಉಸಿರು ಹಿಡಿದು ನೋಡಿದರು. ಮೊದಲ ಸಲ ಪರದೆ ಬೆಳಗಿದಾಗ ಚಾಚಿ ಬಿಸ್ಮಿಲ್ಲಾ ಎಂದರು, ಅಷ್ಟೆ.

ಮಗ್ಗವಿದ್ದ ಕೋಣೆಯ ಒಂದು ಗೋಡೆಗೆ ಹಲಗೆ ಹೊಡೆದು ಮಾನಿಟರ್ ಇಟ್ಟೆವು. ಅದರಿಂದ ಒಂದು ಮಂಚದಷ್ಟು ದೂರದಲ್ಲಿ, ಎದುರುಗೋಡೆಯ ಹತ್ತಿರ, ಹಳೆಯ ಮೇಜಿಗೆ ಸ್ಟೀರಿಂಗ್ ಸಿಕ್ಕಿಸಿದೆವು. ಇಷ್ಟು ದೂರ ಯಾಕೆ ಎಂದರೆ ಇಲ್ಲೇ ಚಲೋ ಎಂದರು. ಅಲ್ಲಿಂದ ಅವರು ಎಂಥ ಚೆಂದ ಓಡಿಸಿದರು. ತಿರುವಿಗೆ ಮುಂಚೆ ಗೇರು ಇಳಿಸುವುದು, ಸ್ಟಾಪಿನಲ್ಲಿ ಕಲ್ಲಿನ ಅಂಚಿಗೆ ಒರೆಸಿದಂತೆ ನಿಲ್ಲಿಸುವುದು, ಪರದೆಯ ಜನ ಹತ್ತಿ ಮುಗಿಯುವ ತನಕ ಕಾಯುವುದು. ಕೆಲವು ವಾರ ಅವರು ಬೇರೆಯೇ ಮನುಷ್ಯರಾಗಿದ್ದರು. ಬೆಳಿಗ್ಗೆ ಬಸ್ಸು ಹತ್ತುವಾಗ ನನಗೆ, ನಿನ್ನೆಯೂ ಒಬ್ಬರಿಗೂ ತಾಗಲಿಲ್ಲ ಎಂದು ಮೆಲ್ಲಗೆ ಹೇಳುವರು. ನಾನು ಚಲೋ ಆತ್ರಿ ಚಾಚಾ ಎನ್ನುತ್ತಿದ್ದೆ.

ಆಮೇಲೆ ಚಾಚಿಗೆ ದೊಡ್ಡ ಜಮಖಾನೆಯೊಂದರ ಕೆಲಸ ಬಂತು. ಅಗಲಕ್ಕೆ ಹಾಸಿನ ನೂಲು ಎಳೆದು ಕಟ್ಟಲು ಕೋಣೆಯಲ್ಲಿ ಜಾಗ ಬೇಕಾಯಿತು. ಸ್ಟೀರಿಂಗಿನ ಮೇಜನ್ನು ಎತ್ತಿ ಮಾನಿಟರಿನ ಹಲಗೆಗೆ ಹೊಂದಿಸಿ ಇಟ್ಟರು. ಈಗ ಪರದೆ ಚಾಚಾನ ಮುಖದ ಹತ್ತಿರವೇ ಬಂತು.

ಮೂರ್ನಾಲ್ಕು ದಿನ ಅವರು ಬಸ್ಸಿನಲ್ಲಿ ನನಗೆ ಏನೂ ಹೇಳಲಿಲ್ಲ. ಭಾನುವಾರ ಸಂಜೆ ಗೋಡೆಯಾಚೆಯಿಂದ ಕರೆದರು. ಹೋದೆ. ಸ್ಟೀರಿಂಗ್ ಹಿಡಿದು ಕುಳಿತಿದ್ದರು. ಪಕ್ಕದ ಸ್ಟೂಲು ತೋರಿಸಿದರು.

"ಟೀಚರ, ಇಲ್ಲಿ ಕುಂದರ್ರಿ. ನಾ ಸುಮ್ನ ಓಡಸ್ತೇನಿ. ಎಡಕ್ಕ ಯಾರರೆ ಬಂದ್ರ ಹೇಳ್ರಿ."

ಬಸ್ಸು ಹೊರಟಿತು. ಪರದೆಯ ಊರಿನಲ್ಲಿ ಮಂಜು ಬಿದ್ದಿತ್ತು. ಕೋಟು ಹಾಕಿದ ಒಬ್ಬ ಮನುಷ್ಯ ಎಡಗಡೆಯ ಕಟ್ಟೆ ಇಳಿದು ರಸ್ತೆಗೆ ಕಾಲಿಟ್ಟ. ಬಂದ ಎಂದೆ. ಬ್ರೇಕು ಬೀಳಲಿಲ್ಲ. ಎಲ್ಲಿ ಎಂದು ಕೇಳುವಷ್ಟರಲ್ಲಿ ತಾಗಿತು, ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಆಟ ಆ ಮನುಷ್ಯನನ್ನು ಮತ್ತೆ ಕಟ್ಟೆಯ ಮೇಲೆ ನಿಲ್ಲಿಸಿತು. ಚಾಚಾ ಮುಂದೆ ಓಡಿಸಿದರು. ಸೈಕಲ್ಲಿನವಳು ಬಂದಳು. ಬಂದಳು ಎಂದೆ. ತಾಗಿತು. ಚೀಲ ಹಿಡಿದ ಮುದುಕ ಬಂದ. ನಾನು ಹಾಜರಿ ಕರೆಯುವ ದನಿಯಲ್ಲಿ ಹೇಳುತ್ತ ಹೋದೆ. ನನ್ನ ಕೈ ತಣ್ಣಗಾಗಿತ್ತು. ಅದನ್ನು ಬಿಟ್ಟರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ.

ಅವರು ನಿಲ್ಲಿಸಿದರು.

"ಆಟದ್ದ ಏನರ ದೋಷ ಐತೇನ್ರಿ ಇದು?"

"ಇಲ್ಲ ಚಾಚಾ. ಅವರು ಮೊದಲಿಂದನೂ ಕಾಣಸ್ತಿದ್ರು."

ಎದ್ದು ನನ್ನನ್ನು ಸ್ಟೀರಿಂಗಿಗೆ ಕೂರಿಸಿದರು. ತಾವು ಬಾಗಿಲ ತನಕ ಹಿಂದೆ ಹೋಗಿ ನಿಂತು, ಓಡಿಸ್ರಿ ಎಂದರು. ಅಲ್ಲಿಂದ ಅವರೇ ಹೇಳತೊಡಗಿದರು: ಒಬ್ಬ ಬಂದ, ಸೈಕಲ್ಲು ಬಂತು, ನಾಯಿ ಬಂತು. ಒಂದೂ ತಪ್ಪಲಿಲ್ಲ. ಆಮೇಲೆ ಹೇಳುತ್ತಲೇ ಒಂದೊಂದು ಹೆಜ್ಜೆ ಮುಂದೆ ಬಂದರು. ಕೋಣೆಯ ನಡುವಿಗೆ ಬರುವಾಗ ಒಂದನ್ನು ಬಿಟ್ಟರು. ನನ್ನ ಕುರ್ಚಿಯ ಹಿಂದೆ ಬಂದು ನಿಂತ ಮೇಲೆ ಅವರ ಬಾಯಿಂದ ಮಾತೇ ಬರಲಿಲ್ಲ. ಪರದೆಯ ಎಡಕ್ಕೆ ಮೂವರು ರಸ್ತೆ ದಾಟುತ್ತಿದ್ದರು.

ಅಷ್ಟು ಹೊತ್ತಿಗೆ ಅವರಿಗೂ ತಿಳಿದಿತ್ತು, ನನಗೂ ತಿಳಿಯಿತು. ನೇರ ನೋಡಿದ್ದಷ್ಟೇ ಅವರಿಗೆ ಕಾಣುತ್ತಿತ್ತು. ದೂರ ನಿಂತರೆ ಪೂರಾ ಪರದೆ ಆ ನೇರ ನೋಟದೊಳಗೆ ಕೂರುತ್ತಿತ್ತು, ಹತ್ತಿರ ಬಂದರೆ ಅಂಚುಗಳು ಹೊರಗೆ ಬೀಳುತ್ತಿದ್ದವು. ಬಸ್ಸಿನ ಮುಂಗಾಜು ಎಷ್ಟು ಅಗಲವಿರುತ್ತದೆ ಎಂಬುದನ್ನು ನಾವಿಬ್ಬರೂ ಬಾಯಿ ಬಿಟ್ಟು ಆಡಲಿಲ್ಲ. ಚಾಚಿ ಎಳೆ ಬಡಿಯುವ ಪಂಜಾ ಕೈಯಲ್ಲಿ ಹಿಡಿದು ಮಗ್ಗದ ಹಿಂದೆ ನೇಯ್ಗೆ ನಿಲ್ಲಿಸಿ ಕುಳಿತಿದ್ದರು.

ಚಾಚಾ ಕಂಪ್ಯೂಟರನ್ನು ನಾನು ಕಲಿಸಿದ ಕ್ರಮದಲ್ಲೇ ಬಂದ್ ಮಾಡಿದರು. ಪ್ಲಗ್ಗು ಕಿತ್ತರು. ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದು, ನಾಳೆ ಯಾವ ಬಸ್ಸಿಗೆ ಹೋಗುತ್ತೀರಿ ಎಂದು ಕೇಳಿದರು. ನಿಮ್ಮದಕ್ಕೇ ಅಲ್ಲವೆ ಎಂದೆ.

"ನನ್ನ ಗಾಡಿ ಅಂತ ನಾಳಿಂದ ಇಲ್ಲರಿ," ಎಂದರು. ಚಾಚಿಗೆ, ನಾಳೆ ಬುತ್ತಿ ಕಟ್ಟುವುದು ಬೇಡ ಎಂದರು.

ಮರುದಿನ ಖಾಕಿ ಅಂಗಿ ಹಾಕದೆ ಡಿಪೋಕ್ಕೆ ಹೋಗಿ, ಗಾಲಿ ಪಂಕ್ಚರ್ ಆಗಿದೆ ಎಂದು ಹೇಳುವ ಹಾಗೆ ವಿಷಯ ಹೇಳಿದರಂತೆ. ಮೊದಲು ಯಾರೂ ನಂಬಲಿಲ್ಲ. ಕಣ್ಣಿನ ತಪಾಸಣೆಯಲ್ಲಿ ಗೋಡೆಯ ಮೇಲಿನ ಅಕ್ಷರವನ್ನು ಕೊನೆಯ ಸಾಲಿನ ತನಕ ಓದುವ ಮನುಷ್ಯನಿಗೆ ಕಣ್ಣು ಕಾಣುವುದಿಲ್ಲವೆಂದರೆ ಯಾರು ನಂಬುತ್ತಾರೆ. ಜೊತೆಯ ಡ್ರೈವರುಗಳು ಮನೆಗೆ ಬಂದು ಬುದ್ಧಿ ಹೇಳಿದರು. ನಿವೃತ್ತಿಗೆ ಇನ್ನೆಷ್ಟು ವರ್ಷ ಉಳಿದಿದೆ, ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ, ಎಡಗಡೆ ನೋಡಲು ಕಂಡಕ್ಟರ್ ಇಲ್ಲವೆ. ಅವರು ಕೇಳಿಸಿಕೊಂಡರು, ಚಹಾ ಕೊಟ್ಟರು, ಕಳಿಸಿದರು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸತ್ತಿದೆ, ಬದಿಯ ನೋಟ ಬಹುಪಾಲು ಹೋಗಿದೆ, ಹೋದದ್ದು ಮರಳುವುದಿಲ್ಲ, ಇದ್ದದ್ದನ್ನು ಹನಿ ಹಾಕಿ ಉಳಿಸಿಕೊಳ್ಳಬೇಕು ಎಂದರು. ಇದು ಬಹಳ ಸಾವಕಾಶ ಬರುವ ರೋಗ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ, ನಿಮಗೆ ಹೇಗೆ ಗೊತ್ತಾಯಿತು ಎಂದು ಅವರು ಕೇಳಿದರಂತೆ. ಆಟ ಆಡುವಾಗ ಎಂದು ಚಾಚಾ ಹೇಳಿದರಂತೆ.

ಅವರನ್ನು ಬಸ್ ಸ್ಟ್ಯಾಂಡಿನ ಕಂಟ್ರೋಲ್ ರೂಮಿಗೆ ಹಾಕಿದರು. ಮೈಕಿನಲ್ಲಿ ಬಸ್ಸುಗಳ ಹೆಸರು ಕರೆಯುವ ಕೆಲಸ. ಅಣ್ಣಿಗೇರಿಯ ಬಸ್ಸು ಕೂಗುವಾಗ ದನಿ ಏನಾದರೂ ಬದಲಾಗುತ್ತದೆಯೇ ಎಂದು ನಾನು ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತು ಗಮನಿಸುತ್ತಿದ್ದೆ. ಬದಲಾಗುತ್ತಿರಲಿಲ್ಲ. ತಿರ್ಲಾಪುರ, ಹುಬ್ಬಳ್ಳಿ, ಅಣ್ಣಿಗೇರಿ, ಎಲ್ಲ ಒಂದೇ. ಒಮ್ಮೆ ನಾನು, ಬ್ಯಾಸರ ಆಗೂದಿಲ್ಲೇನು ಚಾಚಾ ಎಂದು ಕೇಳಿದೆ. ಅಂಗೈಗಳನ್ನು ಮೇಜಿನ ಮೇಲಿಟ್ಟುಕೊಂಡು ಅವನ್ನೇ ನೋಡುತ್ತಿದ್ದರು.

"ಕೈಗೆ ಬ್ಯಾಸರ ಐತ್ರಿ," ಎಂದರು. "ನನಗ ಏನೂ ಅನಸೂದಿಲ್ಲ."

ಅವರನ್ನು ನೆನೆದಾಗೆಲ್ಲ ನನಗೆ ಈ ಮಾತೇ ಬರುತ್ತದೆ. ಅದು ಸುಳ್ಳೆಂದು ನಾನು ತಿಳಿದಿಲ್ಲ. ಕೆಲವರಿಗೆ ಹಾಗೇ ಆಗುತ್ತದೆ. ದೊಡ್ಡದೊಂದನ್ನು ಕೆಳಗಿಟ್ಟ ಮೇಲೆ ಅದರ ತೂಕ ಎಷ್ಟಿತ್ತು ಎಂದು ನೋಡಲೂ ಮನಸ್ಸು ಬರುವುದಿಲ್ಲ.

ಕಂಪ್ಯೂಟರನ್ನು ಅವರು ಮಾರಲಿಲ್ಲ. ದೊಡ್ಡ ಜಮಖಾನೆ ಮುಗಿದು ಕೋಣೆಯಲ್ಲಿ ಜಾಗವಾದ ಮೇಲೂ ಮೇಜನ್ನು ಹಿಂದಕ್ಕೆ ಎಳೆಯಲಿಲ್ಲ. ಪರದೆಯ ಹತ್ತಿರವೇ ಕುಳಿತು ಕೆಲವು ಸಂಜೆ ಓಡಿಸುತ್ತಿದ್ದರು, ಮುಖವನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತ, ಬಹಳ ನಿಧಾನವಾಗಿ. ಆಗಲೂ ಒಬ್ಬಿಬ್ಬರಿಗೆ ತಾಗುತ್ತಿತ್ತು. ತಾಗಿದಾಗ ನಿಲ್ಲಿಸಿ, ಆ ಮನುಷ್ಯ ಮತ್ತೆ ಕಟ್ಟೆಯ ಮೇಲೆ ಬಂದು ನಿಂತದ್ದನ್ನು ನೋಡಿಯೇ ಮುಂದೆ ಹೋಗುತ್ತಿದ್ದರು. ದೂರ ಕುಳಿತರೆ ತಾಗುವುದಿಲ್ಲವಲ್ಲ ಎಂದು ನಾನು ಒಮ್ಮೆ ಹೇಳಿದೆ. ಅಲ್ಲಿ ಕುಳಿತರೆ ಮತ್ತೆ ಡಿಪೋಕ್ಕೆ ಹೋಗಿ ಬಸ್ಸು ಕೇಳಬೇಕು ಅನ್ನಿಸುತ್ತದೆ ಎಂದರು.

ತೀರಿಕೊಂಡ ದಿನ ಅವರು ಡ್ಯೂಟಿಗೆ ಹೊರಟು, ಜಗುಲಿಯ ಮೇಲೆ ಕುಳಿತು ಚಪ್ಪಲಿ ಹಾಕಿಕೊಳ್ಳುವಾಗ ಎದೆ ಹಿಡಿದುಕೊಂಡರಂತೆ. ನಾನು ಅಣ್ಣಿಗೇರಿಯಿಂದ ಬಂದು ಮುಟ್ಟುವ ಹೊತ್ತಿಗೆ ಓಣಿಯ ತುಂಬ ಖಾಕಿ ಅಂಗಿಯವರಿದ್ದರು. ಜನಾಜಾ ಹೆಗಲೇರಿ ಹೊರಟಾಗ ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಒಳಗೆ ಬಂದು ಅನ್ನಕ್ಕಿಟ್ಟೆ.

ಮೂರನೆಯ ದಿನ, ತೀರಿಕೊಂಡವರ ಹೆಸರಿನಲ್ಲಿ ಪ್ರಾರ್ಥಿಸುವ ಜಿಯಾರತಿಗೆ ಅವರ ಮನೆಗೆ ಹೋದೆ. ಗದಗಿನಿಂದ ಮಗಳು ಬಂದಿದ್ದಳು, ಚಾಚಿಯ ತಮ್ಮ ಇದ್ದ. ಹೆಂಗಸರು ಮಗ್ಗದ ಕೋಣೆಯಲ್ಲಿ ಕುಳಿತಿದ್ದರು. ಆ ತಮ್ಮ ಬಾಗಿಲಲ್ಲಿ ನಿಂತು ಕಂಪ್ಯೂಟರಿನ ಕಡೆ ನೋಡಿ, ಇದನ್ನು ಯಾರಿಗಾದರೂ ಕೊಟ್ಟುಬಿಡಿ, ಇದು ಮನೆಗೆ ಬಂದ ಮೇಲೆಯೇ ಭಾವನ ಡ್ರೈವರ್‌ಕಿ ಹೋಯಿತು, ವಯಸ್ಸಾದ ಮೇಲೆ ಆಟಕ್ಕೆ ಬಿದ್ದು ನೌಕರಿ ಕೆಡಿಸಿಕೊಂಡರು ಎಂದ. ಬೈಯುವ ದನಿಯೇನಲ್ಲ, ಅವನಿಗೂ ದುಃಖವಿತ್ತು. ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಚಾಚಿ ನನ್ನ ಮೊಣಕೈ ಮುಟ್ಟಿ ತಡೆದರು.

"ಅವರು ಕೊಂದವರೆಲ್ಲಾ ಅದರಾಗ ಅದಾರ, ತಮ್ಮಾ," ಎಂದರು. "ಹೊರಗ ಒಬ್ಬರೂ ಇಲ್ಲ."

ಆಮೇಲೆ ಎದ್ದು, ಬಂದವರಿಗೆ ಚಹಾ ಇಡಲು ಒಳಗೆ ಹೋದರು.